ನಾಲೆ ಡ್ರಾಪಿನ ಹಳೇ ಕರೆಂಟ್ ಮನೆ: ಮತ್ತೆ ತಿರುಗಿಸಬಹುದಾ?

ಬಲದಂಡೆ ಹುಡುಗ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಬೇಡಿ. ನಮ್ಮದು ದಾವಣಗೆರೆ ತಾಲೂಕು, ಭದ್ರಾ ನಾಲೆ ಊರ ಪಕ್ಕದಲ್ಲೇ ಹೋಗುತ್ತದೆ. ನಮ್ಮ ಗದ್ದೆಯಿಂದ ಎರಡು ಹೊಲ ಆಚೆ ನಾಲೆ ಒಮ್ಮೆಲೇ ಕೆಳಗೆ ಧುಮುಕುವ ಜಾಗ ಇದೆ, ಡ್ರಾಪ್ ಅಂತೀವಲ್ಲ, ಅದು. ಅದರ ಮಗ್ಗುಲಲ್ಲಿ ಕಲ್ಲು ಗೋಡೆಯ, ಶೀಟ್ ಹೊದಿಸಿದ ಒಂದು ಕಟ್ಟಡ. ಊರಲ್ಲಿ ಎಲ್ಲರೂ ಕರೆಂಟ್ ಮನೆ ಅಂತಲೇ ಕರೆಯೋದು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಯಾರೋ ಖಾಸಗಿಯವರು ನಡೆಸುತ್ತಿದ್ದರು. ನೀರು ಬಿಟ್ಟ ದಿನ ಮನೆ ಜಗಲಿಯಲ್ಲಿ ಮಲಗಿದರೂ ಗುಂಯ್ ಅನ್ನೋ ಸದ್ದು ಕೇಳುತ್ತಿತ್ತು. ಆಮೇಲೆ ಒಂದಿನ ಸದ್ದು ನಿಂತಿತು. ಅವರೂ ಬರಲಿಲ್ಲ, ರಿಪೇರಿಯವರೂ ಬರಲಿಲ್ಲ.

ಈಗ ಅಲ್ಲಿ ಬಾವಲಿ, ಖಾಲಿ ಬಾಟಲಿ. ಪ್ಯಾನಲ್ ಬೋರ್ಡಿನ ವೈರು ಯಾರೋ ಎಳೆದುಕೊಂಡು ಹೋಗಿದ್ದಾರೆ. ಹೊರಗಿದ್ದ ಟಿಸಿ (ಟ್ರಾನ್ಸ್‌ಫಾರ್ಮರ್) ಕೂಡ ಇಲ್ಲ. ಆದರೆ ಟರ್ಬೈನು, ಜನರೇಟರು ಇನ್ನೂ ಇವೆ, ಎತ್ತಲಾರದಷ್ಟು ಭಾರ ಅಂತ ಬಿಟ್ಟಿರಬೇಕು. ಅದಕ್ಕೇ ಊರ ಹೆಸರು ಹೇಳುತ್ತಿಲ್ಲ, ತಾಮ್ರದ ಕಳ್ಳರೂ ಓದುತ್ತಾರೆ. ತುಕ್ಕು ಕೆರೆದು ನೋಡಿದಾಗ ಪ್ಲೇಟಿನ ಮೇಲೆ 120 ಕಿಲೋವ್ಯಾಟ್, 415 ವೋಲ್ಟ್ ಅಂತ ಇದೆ. ಡ್ರಾಪ್ 18 ಅಡಿ, ನೀರು 120 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಅಂತ ಊರ ಹಿರಿಯರು ಹೇಳುತ್ತಾರೆ.

ಪಂಚಾಯಿತಿಯಲ್ಲಿ ಕೆಡವಿ ಗೋಡೌನ್ ಮಾಡೋಣ ಅಂತ ಮಾತು ಶುರುವಾಗಿದೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನೀರು ಹೇಗೂ ದಿನವಿಡೀ ಸುಮ್ನೆ ಬೀಳುತ್ತಿದೆ. ಹೊಗೆ ಇಲ್ಲ, ಕಲ್ಲಿದ್ದಲು ಇಲ್ಲ. ಮತ್ತೆ ತಿರುಗಿಸಬಹುದಾ, ಇಲ್ಲಾ ಇದು ನನ್ನ ಹುಚ್ಚಾ?

ಮಂಡಕ್ಕಿ ಮಿರ್ಚಿ
ಹುಚ್ಚೇ. ಆದರೆ ಒಳ್ಳೇ ಹುಚ್ಚು. ಮುಂದುವರಿಸು ಗುರು.

ಬಿಸಿಲು ವ್ಯಾಪಾರಿ
ಅಣ್ಣ, ನಾನು ಸೋಲಾರ್ ಹಾಕುವ ಕೆಲಸದವನು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಉಪ್ಪು ಹಾಕಿ ತಿನ್ನಿ. ಆ ಹಳೇ ಕಬ್ಬಿಣಕ್ಕೆ ದುಡ್ಡು ಸುರಿಯುವ ಬದಲು ಅದೇ ಕಟ್ಟಡದ ಮೇಲೆ ಪ್ಯಾನಲ್ ಹಾಕಿ. ನಮ್ಮ ದಾವಣಗೆರೆ ಬಿಸಿಲಿಗೇನು ಬರ. ಒಂದು ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ತಿರುಗುವ ಭಾಗ ಇಲ್ಲ, ಗ್ರೀಸ್ ಇಲ್ಲ, ಕಾವಲುಗಾರ ಇಲ್ಲ.

ತಾರೀಖು ಮೇಷ್ಟ್ರು
ಹಳೇ ಕಬ್ಬಿಣ ಅಂತ ಹಗುರ ಮಾಡಬೇಡಿ. ಶಿವನಸಮುದ್ರ 1902ರಲ್ಲಿ ಶುರುವಾಯಿತು, ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಬೆಂಗಳೂರಿನ ಬೀದಿದೀಪ 1905ರಲ್ಲಿ ಹತ್ತಿದ್ದು ಅದೇ ಕರೆಂಟಿನಲ್ಲಿ. ಆ ಜಾಗದಲ್ಲಿ ಇವತ್ತಿಗೂ ಕರೆಂಟ್ ಹುಟ್ಟುತ್ತಿದೆ. ನೀರಿನ ಯಂತ್ರಕ್ಕೆ ವಯಸ್ಸಾಗುವುದಿಲ್ಲ ಸ್ವಾಮಿ, ನೋಡಿಕೊಳ್ಳುವವರು ಇಲ್ಲದಿದ್ದರೆ ಸಾಯುತ್ತದೆ ಅಷ್ಟೇ.

ಕೋಟೆ ಕಲ್ಲು
ಏಷ್ಯಾದಲ್ಲೇ ಮೊದಲನೆಯದು ಅಲ್ವಾ ಶಿವನಸಮುದ್ರ? ಹೆಮ್ಮೆ ನಮ್ಮದು.

ತಾರೀಖು ಮೇಷ್ಟ್ರು
ಅಲ್ಲಪ್ಪ. ಈ ಮಾತು ಪ್ರತಿ ನವೆಂಬರ್‌ನಲ್ಲಿ ಬರುತ್ತೆ, ಪ್ರತಿ ನವೆಂಬರ್‌ನಲ್ಲಿ ನಾನು ತಿದ್ದುತ್ತೇನೆ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್ 1897ರದ್ದು, ಬರೀ 130 ಕಿಲೋವ್ಯಾಟ್, ಅಂದರೆ ನಮ್ಮ ಹುಡುಗನ ಕರೆಂಟ್ ಮನೆಯಷ್ಟೇ ದೊಡ್ಡದು. ಅದಕ್ಕೂ ಮುಂಚೆ ಜಪಾನಿನ ಕ್ಯೋಟೋದಲ್ಲಿ ಕೆಯಾಗೆ ಅಂತ 1891ರದ್ದು ಇದೆ. ಮಜಾ ಅಂದರೆ ಅದೂ ನಾಲೆ ನೀರಿನದೇ. ಬಿವಾ ಸರೋವರದಿಂದ ತೋಡಿದ ಕಾಲುವೆ ನೀರು. ಶಿವನಸಮುದ್ರದ ದೊಡ್ಡತನ ಇರುವುದು ಅಷ್ಟು ದೂರ ಕರೆಂಟ್ ಸಾಗಿಸಿದ್ದರಲ್ಲಿ. ಮೊದಲನೆಯದು ಅನ್ನೋದನ್ನು ಬಿಡಿ.

ಕೋಟೆ ಕಲ್ಲು
ಆಯ್ತು ಮೇಷ್ಟ್ರೇ, ಬೆಂಚಿನ ಮೇಲೆ ನಿಂತುಕೊಂಡೆ.

ಹರಿಹರ ಫಿಟ್ಟರ್
ತಮ್ಮಾ, ನಾನು ಹರಿಹರದಲ್ಲಿ ಲೇತ್ ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು. ಟರ್ಬೈನ್ ಕೂಡ ಎರಡು ಕಡೆ ಬಿಚ್ಚಿದ್ದೇನೆ. ಮೊದಲು ಒಂದು ಮಾತು. ಏನನ್ನೂ ಸುತ್ತಿಗೆಯಿಂದ ಹೊಡೆಯಬೇಡ. ಶಾಫ್ಟ್ ತಿರುಗುತ್ತಾ ಅಂತ ನೋಡಲಿಕ್ಕೆ ನಾಲ್ಕು ಹುಡುಗರನ್ನು ಕರೆದು ಪೈಪ್ ಹಾಕಿ ತಿರುವಬೇಡ. ಅಷ್ಟು ವರ್ಷ ನಿಂತ ಶಾಫ್ಟ್ ಬೇರಿಂಗಿಗೆ ಅಂಟಿಕೊಂಡಿರುತ್ತದೆ. ಜೋರು ಮಾಡಿದರೆ ಒಳಗಿನ ಬಿಳಿ ಲೋಹ ಕಿತ್ತು ಬರುತ್ತದೆ.

ಹೇಳು, ಟರ್ಬೈನಿನ ಆಕಾರ ಹೇಗಿದೆ? ಬಸವನಹುಳು ತರ ಸುತ್ತಿದೆಯಾ, ಇಲ್ಲಾ ಉದ್ದ ಪೈಪಿನ ಹಾಗೆ ಇದ್ದು ಕೊನೆಗೆ ಬಗ್ಗಿದೆಯಾ? ಪಟ್ಟಿ ಇದೆಯಾ, ಗೇರ್ ಬಾಕ್ಸ್ ಇದೆಯಾ?

ಬಲದಂಡೆ ಹುಡುಗ
ಪೈಪಿನ ಹಾಗೆ ಅಜ್ಜ, ಎಸ್ ಅಕ್ಷರದ ತರ ಬಗ್ಗಿದೆ. ಶಾಫ್ಟ್ ಹೊರಗೆ ಬಂದು ದೊಡ್ಡ ಗಾಲಿ ಇದೆ, ಅದರ ಮೇಲೆ ಪಟ್ಟಿ ಇತ್ತು ಅಂತ ಕಾಣುತ್ತೆ, ಈಗ ಇಲ್ಲ. ಜನರೇಟರ್ ಪ್ಲೇಟ್ ಮೇಲೆ 1015 ಆರ್‌ಪಿಎಂ ಅಂತ ಇದೆ.

ಹರಿಹರ ಫಿಟ್ಟರ್
ಹಾಗಾದರೆ ಪ್ರೊಪೆಲ್ಲರ್ ಜಾತಿ. ಎತ್ತರ ಕಡಿಮೆ, ನೀರು ಜಾಸ್ತಿ ಇರುವ ಕಡೆ ಇದೇ ಸರಿ. ಹಡಗಿನ ಫ್ಯಾನ್ ನೋಡಿದ್ದೀಯಲ್ಲ, ಅದನ್ನೇ ತಿರುಗಾಮುರುಗಾ ಮಾಡಿದ ಹಾಗೆ. ನೋಡಬೇಕಾದ್ದು ಒಂದೇ, ಅದರ ರೆಕ್ಕೆ ಹೊರಳುತ್ತದಾ ಇಲ್ಲವಾ. ಹೊರಳಿದರೆ ಅದು ಕಪ್ಲಾನ್, ನೀರು ಕಡಿಮೆಯಾದರೂ ಹೊಂದಿಕೊಳ್ಳುತ್ತದೆ. ರೆಕ್ಕೆ ಗಟ್ಟಿ ಕೂತಿದ್ದರೆ ತುಂಬು ನೀರಿಗೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಅರ್ಧ ನೀರಿಗೆ ಅರ್ಧ ಕರೆಂಟ್ ಬರುತ್ತದೆ ಅಂದುಕೊಳ್ಳಬೇಡ, ಅದರಲ್ಲೂ ಅರ್ಧ ಬಂದರೆ ಪುಣ್ಯ.

ಲೈನ್ 11ಕೆವಿ
1015 ಅಂದಿರಲ್ಲ, ಅದು ಇಂಡಕ್ಷನ್ ಜನರೇಟರ್. ಆರು ಪೋಲಿನ ಮೋಟರಿಗೆ 50 ಹರ್ಟ್ಸಿನಲ್ಲಿ ಸಿಂಕ್ರೊನಸ್ ವೇಗ, ಅಂದರೆ ಲೈನಿಗೆ ಸರಿಯಾಗಿ ಹೊಂದುವ ವೇಗ, ನಿಮಿಷಕ್ಕೆ 1000 ಸುತ್ತು. ಅದಕ್ಕಿಂತ ಚೂರು ಜಾಸ್ತಿ ತಿರುಗಿಸಿದರೆ ಮೋಟರೇ ಜನರೇಟರ್ ಆಗಿ ಕರೆಂಟ್ ವಾಪಸ್ ಕೊಡುತ್ತದೆ. ಅಗ್ಗ, ಗಟ್ಟಿ. ಆದರೆ ಅದಕ್ಕೆ ಹೊರಗಿನ ಲೈನ್ ಬೇಕು. ಕಾಂತ ಹುಟ್ಟಿಸಿಕೊಳ್ಳಲಿಕ್ಕೆ ಲೈನಿನಿಂದಲೇ ಎಳೆದುಕೊಳ್ಳುತ್ತದೆ. ಲೈನ್ ಹೋಯಿತೋ, ಇದೂ ಸತ್ತಿತು.

ಬಲದಂಡೆ ಹುಡುಗ
ಅಯ್ಯೋ! ಈಗ ಅರ್ಥ ಆಯಿತು. ಊರಲ್ಲಿ ಕರೆಂಟ್ ಹೋದಾಗಲೆಲ್ಲ ಕರೆಂಟ್ ಮನೆಯಲ್ಲೂ ಕತ್ತಲೆ ಆಗುತ್ತಿತ್ತು. ನಮ್ಮ ದೊಡ್ಡಪ್ಪ ಅದಕ್ಕೇ ನಗುತ್ತಿದ್ದರು, 'ದೀಪ ಮಾರುವವನ ಮನೆಯಲ್ಲೇ ಬುಡ್ಡಿ' ಅಂತ. ಮೋಸದ ಕಂಪನಿ ಅಂತಲೇ ಊರೆಲ್ಲ ಮಾತು.

ಲೈನ್ 11ಕೆವಿ
ಮೋಸ ಅಲ್ಲ. ಯಂತ್ರದ ಗುಣ. ಇನ್ನೊಂದು ವಿಷಯ ಹೇಳುತ್ತೇನೆ, ನಿಮ್ಮ ಯಂತ್ರ ಕೆಟ್ಟಿದ್ದೂ ಬಹುಶಃ ಇದರಿಂದಲೇ. ಹಳ್ಳಿ ಫೀಡರ್, ದಿನಕ್ಕೆ ಹತ್ತು ಸಲ ಟ್ರಿಪ್. ಲೈನ್ ಹೋದ ತಕ್ಷಣ ಜನರೇಟರ್ ಮೇಲಿನ ಭಾರ ಸೊನ್ನೆ. ನೀರು ಮಾತ್ರ ಬರುತ್ತಲೇ ಇದೆ. ಎತ್ತಿಲ್ಲದ ಗಾಡಿ ಇಳಿಜಾರಿನಲ್ಲಿ ಬಿಟ್ಟ ಹಾಗೆ. ಪ್ರೊಪೆಲ್ಲರ್ ಟರ್ಬೈನು ಮಾಮೂಲಿ ವೇಗದ ಎರಡು ಪಟ್ಟಿಗೂ ಹೆಚ್ಚು ಓಡಿಬಿಡುತ್ತದೆ. ಗೇಟ್ ತಾನಾಗಿ ಮುಚ್ಚದಿದ್ದರೆ ಬೇರಿಂಗ್ ಸುಡುತ್ತದೆ, ಪಟ್ಟಿ ಹಾರುತ್ತದೆ, ಜನರೇಟರಿನ ಸುರುಳಿ ಕಿತ್ತು ಹೊರಗೆ ಬರುತ್ತದೆ. ಗೇಟ್ ಹೇಗಿತ್ತು, ಕೈಚಕ್ರವಾ?

ಬಲದಂಡೆ ಹುಡುಗ
ಕೈಚಕ್ರ. ಪಕ್ಕದಲ್ಲಿ ತೂಕದ ಕಲ್ಲು ಹಾಕಿದ್ದ ಒಂದು ಸನ್ನೆ ಇದೆ, ಅದರ ತಂತಿ ತುಂಡಾಗಿದೆ.

ಲೈನ್ 11ಕೆವಿ
ಅದೇ ಅದೇ. ಲೈನ್ ಹೋದಾಗ ಆ ತೂಕ ಬಿದ್ದು ಗೇಟ್ ಮುಚ್ಚಬೇಕಿತ್ತು. ತಂತಿ ತುಂಡಾದ ಮೇಲೆ ಕೈಯಲ್ಲಿ ಮುಚ್ಚಲಿಕ್ಕೆ ಒಬ್ಬ ಮನುಷ್ಯ ಓಡಬೇಕಿತ್ತು. ಅವನು ಬೀಡಿ ಸೇದಲು ಹೋಗಿದ್ದ ದಿನ ಕತೆ ಮುಗಿದಿರುತ್ತದೆ.

ಕೊನೇಭಾಗ
ನೀವೆಲ್ಲ ಯಂತ್ರದ ಮಾತಾಡುತ್ತಿದ್ದೀರಿ, ನಾನು ನೀರಿನ ಮಾತಾಡುತ್ತೇನೆ. ನಮ್ಮದು ನಾಲೆಯ ಕೊನೇ ಭಾಗ. ನೀರು ಬಿಟ್ಟ ಹತ್ತು ದಿನಕ್ಕೂ ನಮ್ಮ ಗದ್ದೆಗೆ ತಲುಪಲ್ಲ. ಮೇಲಿನವರು ನಾಲೆಗೆ ಪಂಪ್ ಹಾಕಿ ಎತ್ತುತ್ತಾರೆ, ತೂಬು ಒಡೆಯುತ್ತಾರೆ. 2023ರಲ್ಲಿ ಮಳೆ ಕೈಕೊಟ್ಟು ನಾಲೆ ನೀರಿನ ಲೆಕ್ಕಾಚಾರ ಶುರುವಾದಾಗ ರೈತರು ಬೀದಿಗಿಳಿದಿದ್ದರು, ಮರೆತಿರಾ? ಈಗ ನೀವು ಮಧ್ಯದಲ್ಲಿ ಕರೆಂಟ್ ಮನೆ ಇಟ್ಟು, ನಿಮಗೆ ಬೇಕಾದಾಗ ನೀರು ಹಿಡಿದು, ಬೇಕಾದಾಗ ಬಿಟ್ಟರೆ ನಮ್ಮ ಗತಿ ಏನು? ಕರೆಂಟಿಗೆ ಸಂಜೆ ಬೆಲೆ ಜಾಸ್ತಿ ಅಂತ ಸಂಜೆವರೆಗೆ ನೀರು ತಡೆಯುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾರು, ಎಲ್ಲಿ ಅಂತ ಕೇಳಬೇಡಿ.

ಮಂಡಕ್ಕಿ ಮಿರ್ಚಿ
ನಮ್ಮಜ್ಜಿ ಇನ್ನೊಂದು ಹೇಳುತ್ತಿದ್ದರು. ಕರೆಂಟ್ ತೆಗೆದ ನೀರಿನಲ್ಲಿ ಸತ್ವ ಇರಲ್ಲ, ಬೆಣ್ಣೆ ತೆಗೆದ ಮಜ್ಜಿಗೆ ಹಾಗೆ, ಬೆಳೆ ಬರಲ್ಲ ಅಂತ 😄

ಹರಿಹರ ಫಿಟ್ಟರ್
ನಿಮ್ಮಜ್ಜಿಗೆ ನನ್ನ ನಮಸ್ಕಾರ ಹೇಳಿ. ಆದರೆ ಲಕ್ಕವಳ್ಳಿಯಲ್ಲಿ ಭದ್ರಾ ಡ್ಯಾಮಿನ ಬುಡದಲ್ಲೇ ಪವರ್ ಹೌಸ್ ಇವೆ, ಎಡದಂಡೆ, ಬಲದಂಡೆ ಎರಡೂ ಕಡೆ, ಒಟ್ಟು 39.2 ಮೆಗಾವ್ಯಾಟ್. ನಾಲೆಗೆ ಬಿಡುವ ನೀರನ್ನೇ ಅಲ್ಲಿ ಮೊದಲು ತಿರುಗಿಸುತ್ತಾರೆ. ಅಂದರೆ ನಾವು ಇಷ್ಟು ವರ್ಷ ಉಂಡಿದ್ದೆಲ್ಲ ಸತ್ವ ತೆಗೆದ ನೀರಿನ ಅನ್ನವೇ. ನನಗೆ 71 ವರ್ಷ, ಇನ್ನೂ ಸೈಕಲ್ ತುಳಿಯುತ್ತೇನೆ.

ಮಂಡಕ್ಕಿ ಮಿರ್ಚಿ
ಅಜ್ಜಿ ಸೋತರು. ಮಜ್ಜಿಗೆ ಗೆದ್ದಿತು.

ಬಲದಂಡೆ ಹುಡುಗ
@ಕೊನೇಭಾಗ ಅಣ್ಣ, ನಿಮ್ಮ ಭಯ ಸುಳ್ಳಲ್ಲ. ಆದರೆ ಇಲ್ಲಿ ನೀರು ಕೂಡಿಡುವ ಜಾಗವೇ ಇಲ್ಲ. ನಾಲೆ ಬಂದ ಹಾಗೆ ಬರುತ್ತದೆ. ಅದು ಡ್ರಾಪಿನ ಮೇಲಾದರೂ ಬೀಳಬೇಕು, ಟರ್ಬೈನ್ ಒಳಗಾದರೂ ಹೋಗಬೇಕು, ಕೆಳಗೆ ಅದೇ ನಾಲೆಗೆ ಸೇರುತ್ತದೆ. ಒಂದು ಚೊಂಬು ನೀರೂ ಕಡಿಮೆ ಆಗಲ್ಲ.

ಕೊನೇಭಾಗ
ಬಾಯಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ ತಮ್ಮ. ಟರ್ಬೈನ್ ಬಾಯಿಯ ಜಾಲರಿಗೆ ಕಸ ಕಟ್ಟಿದರೆ ನೀರು ಹಿಂದಕ್ಕೆ ನಿಲ್ಲುತ್ತದೆ. ಮೇಲಿನವನ ದಂಡೆ ಒಡೆಯುತ್ತದೆ, ಕೆಳಗಿನವನಿಗೆ ನೀರಿಲ್ಲ. ಆಗ ರಾತ್ರಿ ಎರಡು ಗಂಟೆಗೆ ಕಸ ಎತ್ತುವವನು ಯಾರು? ನಾಲೆ ನೀರು ನೋಡಿಕೊಳ್ಳುವ ಸೌಡಿನಾ? ಸೌಡಿಗೇ ಸಂಬಳ ಸರಿಯಾಗಿ ಬರಲ್ಲ.

ಮಲೆನಾಡ್ ಸೊಸೆ
ಕಸದ ಮಾತಿಗೆ ನಾನೂ ಬರುತ್ತೇನೆ. ನನ್ನ ತವರು ಕೊಪ್ಪದ ಕಡೆ. ಅಪ್ಪ ಮನೆ ಹಿಂದಿನ ಹಳ್ಳಕ್ಕೆ ಒಂದು ಕಿಲೋವ್ಯಾಟಿನ ಪುಟ್ಟ ಪೆಲ್ಟನ್ ಟರ್ಬೈನ್ ಹಾಕಿಸಿದ್ದಾರೆ, ಪಿಕೋ ಅನ್ನುತ್ತಾರೆ. ಗುಡ್ಡದಿಂದ 40 ಮೀಟರ್ ಪೈಪ್ ಇಳಿದಿದೆ. ಸೆಕೆಂಡಿಗೆ ನಾಲ್ಕು ಲೀಟರ್ ನೀರು, ಅಷ್ಟೇ. ಮಳೆಗಾಲದಲ್ಲಿ ವಾರಗಟ್ಟಲೆ ಲೈನ್ ಕರೆಂಟ್ ಇರಲ್ಲ, ನಮ್ಮ ಮನೆಯಲ್ಲಿ ಮಾತ್ರ ದೀಪ. ಬಳಸದೆ ಉಳಿದ ಕರೆಂಟನ್ನು ಒಂದು ಕಂಟ್ರೋಲರ್ ಬಚ್ಚಲಿನ ಹೀಟರಿಗೆ ಕಳಿಸುತ್ತದೆ, ಹಾಗಾಗಿ ಹಂಡೆ ನೀರು ಸದಾ ಬಿಸಿ. ಜನರೇಟರ್ ಮೇಲೆ ಯಾವಾಗಲೂ ಒಂದೇ ಭಾರ ಇರಬೇಕಂತೆ, ಅದಕ್ಕೆ ಹಾಗೆ.

ಆದರೆ ಕೇಳಿ, ವರ್ಷಕ್ಕೆ ಎಷ್ಟು ಸಲ ನಾಜಲ್ ಕಟ್ಟಿಕೊಂಡಿದೆ ಅಂತ ಲೆಕ್ಕ ಇಲ್ಲ. ಎಲೆ, ಏಡಿ, ಒಮ್ಮೆ ಪೂರಾ ಒಂದು ಕಪ್ಪೆ. ಅಪ್ಪ ಕೊಡೆ ಹಿಡಿದು ಮಧ್ಯರಾತ್ರಿ ಹತ್ತಿ ಹೋಗುತ್ತಾರೆ. ತಮ್ಮದೇ ಮನೆ ದೀಪ ಅಂತ ಹೋಗುತ್ತಾರೆ. ಊರಿನ ದೀಪಕ್ಕೆ ಹಾಗೆ ಹತ್ತಿ ಹೋಗುವವರು ಇದ್ದಾರಾ, ಅದು ನೋಡಿಕೊಳ್ಳಿ.

ಲೈನ್ 11ಕೆವಿ
ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾಲೆಯಲ್ಲಿ ಏಡಿ, ಕಪ್ಪೆ ಬಿಡಿ, ಅಂತರಗಂಗೆ, ಬಾಳೆದಿಂಡು, ಪ್ಲಾಸ್ಟಿಕ್, ಹಳೇ ಸೀರೆ. ಗಣೇಶ ಬಿಟ್ಟ ಮಾರನೇ ದಿನ ಜಾಲರಿ ಹತ್ತಿರ ಹೋಗಿ ನೋಡಿ, ಹಲಗೆ, ಹುಲ್ಲು, ಹೂವಿನ ಹಾರ.

ಕೋಟೆ ಕಲ್ಲು
ನಮ್ಮ ವಾಣಿವಿಲಾಸಕ್ಕೆ ಯಾಕೆ ಯಾರೂ ಟರ್ಬೈನ್ ಹಾಕಿಲ್ಲ? 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಮು, 30 ಟಿಎಂಸಿ ಹಿಡಿಯುತ್ತದೆ. 1933 ಆದಮೇಲೆ 2022ರಲ್ಲಿ ಕೋಡಿ ಬಿತ್ತು, ಆಮೇಲೆ ಮತ್ತೆ ಬಿತ್ತು. ಕೋಡಿ ನೋಡಲಿಕ್ಕೆ ಹಿರಿಯೂರು ರಸ್ತೆಯಲ್ಲಿ ನಾಲ್ಕು ಗಂಟೆ ಜಾಮ್‌ನಲ್ಲಿ ಕೂತಿದ್ದೆ, ಮಿರ್ಚಿ ತಿಂದು ವಾಪಸ್ ಬಂದೆ.

ತಾರೀಖು ಮೇಷ್ಟ್ರು
89 ವರ್ಷಕ್ಕೊಮ್ಮೆ ಕೋಡಿ ಬೀಳುವ ಕೆರೆಯನ್ನು ನಂಬಿ ಪವರ್ ಹೌಸ್ ಕಟ್ಟುತ್ತೀರಾ? ಡ್ಯಾಮಿನ ಎತ್ತರ ಮುಖ್ಯ ಅಲ್ಲ, ವರ್ಷದಲ್ಲಿ ಎಷ್ಟು ದಿನ ಎಷ್ಟು ನೀರು ಹೊರಗೆ ಹೋಗುತ್ತದೆ ಅನ್ನೋದು ಮುಖ್ಯ. ಮಾರಿಕಣಿವೆ, ಅಂದರೆ ಅದೇ ವಾಣಿವಿಲಾಸದ ನೀರು ಕುಡಿಯಲಿಕ್ಕೂ ತೋಟಕ್ಕೂ ಅಳೆದು ಅಳೆದು ಬಿಡುವ ನೀರು. ಈಗ ಭದ್ರೆಯಿಂದ ಎತ್ತಿ ತರುವ ನೀರೂ ಸೇರುತ್ತಿದೆ. ಎತ್ತಲಿಕ್ಕೆ ಪಂಪಿಗೆ ಕರೆಂಟ್ ಸುರಿದು, ಇಳಿಯುವಾಗ ಕರೆಂಟ್ ತೆಗೆದರೆ ಕೈಯಿಂದ ಹೋಗುವುದೇ ಜಾಸ್ತಿ.

ಕೋಟೆ ಕಲ್ಲು
ಸರಿ ಬಿಡಿ, ನಮಗೆ ಜೋಗಿಮಟ್ಟಿ ಗಾಳಿ ಸಾಕು. ಫ್ಯಾನು ನಮ್ಮ ಗುಡ್ಡದ ಮೇಲೆ, ಕರೆಂಟ್ ಎಲ್ಲಿಗೆ ಹೋಗುತ್ತೋ ಓಬವ್ವನಿಗೇ ಗೊತ್ತು.

ಬಿಸಿಲು ವ್ಯಾಪಾರಿ
ಮತ್ತೆ ನನ್ನ ಪ್ರಶ್ನೆಗೆ ಬನ್ನಿ. ಈ ಕರೆಂಟ್ ಕೊಳ್ಳುವವರು ಯಾರು? ಮನೆಗೆ 2023ರಿಂದ ಗೃಹಜ್ಯೋತಿ, 200 ಯೂನಿಟ್‌ವರೆಗೆ ಉಚಿತ. ಪಂಪ್‌ಸೆಟ್ಟಿಗೆ 10 ಎಚ್‌ಪಿವರೆಗೆ ಉಚಿತ. ಉಚಿತ ಸಿಗುವ ಊರಲ್ಲಿ ನೀವು ಕರೆಂಟ್ ಮಾರಲಿಕ್ಕೆ ಕೂರುತ್ತೀರಾ?

ಲೈನ್ 11ಕೆವಿ
ಊರಿಗೆ ನೇರ ಮಾರುವ ಯೋಚನೆ ಬಿಡಿ. ಲೈನಿಗೇ ಕೊಡಬೇಕು, ಒಪ್ಪಂದ ಆಗಬೇಕು, ದರ ವಿದ್ಯುತ್ ಆಯೋಗ ಹೇಳಿದಷ್ಟು. ಪ್ರತ್ಯೇಕ ತಂತಿ ಎಳೆದು ಊರಿಗೆ ಕೊಡುತ್ತೇವೆ ಅಂದರೆ ದೊಡ್ಡ ರಗಳೆ, ಮೇಲಾಗಿ ಅಪಾಯ. ಕೆಪಾಸಿಟರ್ ಹಾಕಿದ ಇಂಡಕ್ಷನ್ ಜನರೇಟರ್ ಕೆಲವೊಮ್ಮೆ ಲೈನ್ ಹೋದ ಮೇಲೂ ತಾನೇ ವೋಲ್ಟೇಜ್ ಹಿಡಿದುಕೊಂಡು ಓಡುತ್ತದೆ. ಕಂಬ ಹತ್ತಿದವನಿಗೆ ಲೈನ್ ಸತ್ತಿದೆ ಅಂತ ನಂಬಿಕೆ, ಹಿಂದಿನಿಂದ ಕರೆಂಟ್ ಬರುತ್ತದೆ. ಜನರೇಟರ್ ವಾಪಸ್ ಹೊಡೆದು ಸತ್ತವರ ಮನೆಗೆ ನಾನು ಹೋಗಿ ಬಂದಿದ್ದೇನೆ. ಹಾಗಾಗಿ ಲೈನ್ ಹೋದ ಕೂಡಲೇ ಕಡಿದುಕೊಳ್ಳುವ ರಿಲೇ ಇಲ್ಲದೆ ಒಂದು ಬಲ್ಬೂ ಹತ್ತಿಸಬೇಡಿ. ಇದರಲ್ಲಿ ಚೌಕಾಸಿ ಇಲ್ಲ.

ಮಲೆನಾಡ್ ಸೊಸೆ
ಪಂಚಾಯಿತಿಯ ಕುಡಿಯುವ ನೀರಿನ ಪಂಪು, ಬೀದಿದೀಪ, ಇವುಗಳ ಬಿಲ್ ಪಂಚಾಯಿತಿಯೇ ಕಟ್ಟಬೇಕಲ್ವಾ? ಅದು ಉಚಿತದಲ್ಲಿ ಬರಲ್ಲ. ಲೈನಿಗೆ ಕೊಟ್ಟದ್ದನ್ನು ಆ ಬಿಲ್ಲಿಗೆ ಹೊಂದಿಸಿಕೊಳ್ಳುವ ದಾರಿ ಇದೆಯಾ ಅಂತ ಕೇಳಿ ನೋಡಿ. ಕೆಡವಬೇಕು ಅನ್ನುವ ಪಂಚಾಯಿತಿಯೇ ಆಮೇಲೆ ನಿಮ್ಮ ಪರ ಆಗುತ್ತದೆ.

ಬಲದಂಡೆ ಹುಡುಗ
ಅಕ್ಕಾ, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾಳೆಯೇ ಪಿಡಿಒ ಹತ್ತಿರ ಹೋಗುತ್ತೇನೆ.

ಹರಿಹರ ಫಿಟ್ಟರ್
ಪಿಡಿಒ ಆಮೇಲೆ. ಮೊದಲು ನೀರು ಅಳೆ. 120 ಕ್ಯೂಸೆಕ್ ಅಂತ ಹಿರಿಯರು ಹೇಳಿದರು, 18 ಅಡಿ ಅಂತ ಹಿರಿಯರು ಹೇಳಿದರು. ಹಿರಿಯರು ನಮ್ಮ ಕಾಲದ ಜೋಳದ ರೊಟ್ಟಿ ಗಾಡಿ ಚಕ್ರದಷ್ಟಿತ್ತು ಅಂತಲೂ ಹೇಳುತ್ತಾರೆ, ನಾನೇ ಹೇಳಿದ್ದೇನೆ. ಲೆಕ್ಕ ಸುಲಭ: ಕ್ಯೂಸೆಕ್ ಇಂಟು ಅಡಿ, ಭಾಗಿಸು 11.8. ಅದು ನೀರಿನಲ್ಲಿರುವ ಪೂರಾ ಶಕ್ತಿ ಕಿಲೋವ್ಯಾಟಿನಲ್ಲಿ. ಹಳೇ ಯಂತ್ರ, ಪಟ್ಟಿ, ಜನರೇಟರ್ ಎಲ್ಲ ಸೇರಿ ನೂರಕ್ಕೆ ಎಪ್ಪತ್ತು ಕೈಗೆ ಸಿಕ್ಕರೆ ಜಾಸ್ತಿ. ಹಾಗಾಗಿ 17ರಿಂದ ಭಾಗಿಸು, ಮೋಸ ಹೋಗಲ್ಲ.

ಅಳೆಯೋದು ಹೀಗೆ. ನಾಲೆ ನೇರ ಇರುವ ಕಡೆ ನೂರು ಅಡಿ ಗುರುತು ಹಾಕು. ತೆಂಗಿನಕಾಯಿ ಬಿಡು, ಸುಲಿಯದೇ ಇದ್ದದ್ದು, ಮೂರು ನಾಲ್ಕು ಸಲ ಬಿಟ್ಟು ಸರಾಸರಿ ತೆಗೆ. ಮೇಲಿನ ನೀರು ಜೋರು, ತಳದ್ದು ನಿಧಾನ, ಅದಕ್ಕೆ ಬಂದ ವೇಗವನ್ನು 0.85ರಿಂದ ಗುಣಿಸು. ಎತ್ತರಕ್ಕೆ ಗಾರೆ ಕೆಲಸದವರ ಟ್ಯೂಬ್ ಲೆವೆಲ್ ಸಾಕು. ನೀರು ತುಂಬಿ ಹರಿಯುವಾಗಲೇ ಅಳೆ. ಕೆಳಗಿನ ನಾಲೆಯ ನೀರೂ ಮೇಲೆ ಬಂದಿರುತ್ತದೆ, ಒಣ ನಾಲೆ ಅಳೆದರೆ ಎತ್ತರ ಸುಳ್ಳು ಹೇಳುತ್ತದೆ.

ಮಂಡಕ್ಕಿ ಮಿರ್ಚಿ
ತೆಂಗಿನಕಾಯಿ ವಾಪಸ್ ಹಿಡಿದುಕೊಳ್ಳಿ, ಈಗಿನ ರೇಟು ಗೊತ್ತಲ್ಲ.

ಬಲದಂಡೆ ಹುಡುಗ
(ಒಂದು ವಾರ ಆಯಿತು, ಲೇಟ್ ಆಗಿದ್ದಕ್ಕೆ ಕ್ಷಮಿಸಿ, ನಾಟಿ ಇತ್ತು.)

ಅಳೆದೆ. ನನ್ನ ತಂಗಿ ಮೊಬೈಲ್ ಗಡಿಯಾರ ಹಿಡಿದಳು, ನಾನು ಕಾಯಿ ಬಿಟ್ಟೆ. ನೂರು ಅಡಿಗೆ 24 ಸೆಕೆಂಡ್. ತಳದ ಅಗಲ 6 ಅಡಿ, ನೀರಿನ ಆಳ 3 ಅಡಿ, ಎರಡೂ ಕಡೆ ಇಳಿಜಾರು, ಒಟ್ಟು 27 ಚದರ ಅಡಿ. 0.85ರಿಂದ ಗುಣಿಸಿದ ಮೇಲೆ ಬಂದದ್ದು 96 ಕ್ಯೂಸೆಕ್. ಎತ್ತರ 18 ಅಲ್ಲ, ಹದಿನಾರೂವರೆ. 17ರಿಂದ ಭಾಗಿಸಿದರೆ 93 ಕಿಲೋವ್ಯಾಟ್. ಪ್ಲೇಟಿನ ಮೇಲಿನ 120 ಎಲ್ಲಿ, ಇದೆಲ್ಲಿ. ಕಾಯಿ ಒಂದು ಡ್ರಾಪಿನಲ್ಲಿ ಹೋಯಿತು.

ಸೌಡಿ ಅಣ್ಣನನ್ನೂ ಕೇಳಿದೆ. ಮುಂಗಾರು ಬೆಳೆಗೂ ಬೇಸಿಗೆ ಬೆಳೆಗೂ ಸೇರಿ ಎಂಟು ತಿಂಗಳು ನೀರು ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಬೇಸಿಗೆಯಲ್ಲಿ ಪಾಳಿ, ನಡುವೆ ಮಳೆ ಬಂದರೆ ಬಂದ್, ದಂಡೆ ಒಡೆದರೆ ಬಂದ್. ನಮ್ಮ ಡ್ರಾಪಿನಲ್ಲಿ ತುಂಬು ನೀರು ಅಂತ ಹರಿಯೋದು ವರ್ಷಕ್ಕೆ ನಾಲ್ಕು ತಿಂಗಳು ಅಂತ ಇಟ್ಟುಕೋ ಅಂದರು. 90 ಕಿಲೋವ್ಯಾಟ್ ಇಂಟು 24 ಗಂಟೆ ಇಂಟು 120 ದಿನ, ಎರಡೂವರೆ ಲಕ್ಷ ಯೂನಿಟ್ ಮೇಲೆ ಸ್ವಲ್ಪ.

ಬಿಸಿಲು ವ್ಯಾಪಾರಿ
ಪ್ರಾಮಾಣಿಕವಾಗಿ ಹೇಳುತ್ತೇನೆ, ಇಷ್ಟನ್ನು ನಾನು ಸೋಲಾರಿನಲ್ಲಿ ಕೊಡಬೇಕಾದರೆ ಸುಮಾರು 175 ಕಿಲೋವ್ಯಾಟ್ ಪ್ಯಾನಲ್ ಬೇಕು. ಆ ಕಟ್ಟಡದ ಮೇಲೆ ಅದರ ಹತ್ತರಲ್ಲಿ ಒಂದು ಪಾಲೂ ಹಿಡಿಯಲ್ಲ. ಮತ್ತೆ ರಾತ್ರಿ ನಾನು ಸೊನ್ನೆ, ನಿಮ್ಮ ನೀರು ರಾತ್ರಿಯೂ ಬೀಳುತ್ತದೆ. ಆದರೆ ಬರಗಾಲದ ವರ್ಷ ನೀವು ಸೊನ್ನೆ, ಆಗ ನನ್ನ ಬಿಸಿಲು ಇನ್ನೂ ಜೋರು. ಜಗಳ ಇಲ್ಲಿಗೆ ಬಿಡೋಣ. ಎರಡೂ ಹಾಕಿ, ನನಗೂ ವ್ಯಾಪಾರ ಆಗಲಿ.

ಕೊನೇಭಾಗ
ಹುಡುಗ ಅಳೆದಿದ್ದಾನೆ, ಅದು ಮೆಚ್ಚಿದೆ. ಇಷ್ಟು ದಿನ ಬಂದವರು ಯಾರೂ ನಮ್ಮ ಮುಂದೆ ಅಳೆಯಲಿಲ್ಲ. ಆದರೆ ನನ್ನ ಮಾತು ಅದೇ. ಟರ್ಬೈನ್ ಪಕ್ಕದಲ್ಲಿ ಹಳೇ ಡ್ರಾಪು ಹಾಗೇ ಇರಬೇಕು, ಅದಕ್ಕೆ ಗೋಡೆ ಕಟ್ಟಬಾರದು. ಜಾಲರಿ ಕಟ್ಟಿದರೆ ನೀರು ತಾನಾಗಿ ಮೇಲಿನಿಂದ ಹಾರಿ ಹೋಗಬೇಕು. ಗೇಟಿನ ಬೀಗದ ಕೈ ನಿಮ್ಮ ಹತ್ತಿರ ಇರಬಾರದು, ನೀರಾವರಿ ನಿಗಮದವರ ಹತ್ತಿರ ಇರಬೇಕು. ಇದನ್ನು ಕಾಗದದಲ್ಲಿ ಬರೆದು, ಮೇಲಿನವರು ಕೆಳಗಿನವರು ಎಲ್ಲರೂ ಸಹಿ ಹಾಕಿದ ಮೇಲೆ ಮಾತಾಡೋಣ.

ಬಲದಂಡೆ ಹುಡುಗ
ಡ್ರಾಪು ಹಾಗೇ ಇದೆ ಅಣ್ಣ, ಹಳೇ ಕಾಲದವರು ಜಾಣರು, ಪಕ್ಕದಲ್ಲಿ ತೋಡಿ ಟರ್ಬೈನಿಗೆ ದಾರಿ ಮಾಡಿದ್ದಾರೆ. ಬೀಗದ ಕೈ ಮಾತು ಒಪ್ಪಿದೆ. ಕಾಗದ ನೀವೇ ಬರೆಯಿರಿ, ನಾನು ಬರೆದರೆ ಮತ್ತೆ ನಂಬಿಕೆ ಬರಲ್ಲ.

ಕೊನೇಭಾಗ
ನಾನೇ ಬರೆಯುತ್ತೇನೆ. ಅಕ್ಷರ ಕೆಟ್ಟದು, ನಗಬೇಡಿ.

ತಾರೀಖು ಮೇಷ್ಟ್ರು
ನಾನು ತಿದ್ದಿ ಕೊಡುತ್ತೇನೆ.

ಮಂಡಕ್ಕಿ ಮಿರ್ಚಿ
ಮೇಷ್ಟ್ರು ತಿದ್ದಿದರೆ ಒಪ್ಪಂದ 1891ರಿಂದ ಶುರುವಾಗುತ್ತೆ.

ಬಲದಂಡೆ ಹುಡುಗ
ಪಿಡಿಒ ಸಾಹೇಬರು ಬಿಲ್ಲಿನ ಮಾತು ಕೇಳಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಕೆಡವುವ ಮಾತು ಸದ್ಯಕ್ಕೆ ನಿಂತಿದೆ. ಜಾಗ ನಿಗಮದ್ದೋ ಪಂಚಾಯಿತಿಯದ್ದೋ ಅಂತ ಪತ್ರ ಹುಡುಕುತ್ತಿದ್ದಾರೆ, ಹಳೇ ಖಾಸಗಿಯವರ ಕರಾರು ಮುಗಿದಿದೆಯಾ ಅನ್ನೋದೂ ನೋಡಬೇಕಂತೆ. ಪತ್ರ ಸಿಗುವವರೆಗೆ ಒಂದು ಬೋಲ್ಟೂ ಬದಲಿಸುವಂತಿಲ್ಲ, ಆದರೆ ಒಳಗೆ ಹೋಗಿ ನೋಡಲಿಕ್ಕೆ ಅನುಮತಿ ಬರೆದು ಕೊಟ್ಟಿದ್ದಾರೆ.

ತನಿಖೆ ಬಾಗಿಲು ತೆಗೆದು ಟಾರ್ಚ್ ಬಿಟ್ಟೆ. ರೆಕ್ಕೆ ನಾಲ್ಕು, ಗಟ್ಟಿ ಕೂತಿವೆ, ಹೊರಳಲ್ಲ. ಅಂಚಿನಲ್ಲಿ ಇಲಿ ಕಡಿದ ಹಾಗೆ ಗುಳಿ ಗುಳಿ. ಒಂದು ರೆಕ್ಕೆಗೆ ಸೀರೆ ಸುತ್ತಿಕೊಂಡಿತ್ತು, ಬಣ್ಣ ಇನ್ನೂ ಹೋಗಿಲ್ಲ.

ಹರಿಹರ ಫಿಟ್ಟರ್
ಗುಳಿ ನೀರಿನ ಗುಳ್ಳೆ ಒಡೆದು ಆಗಿದ್ದು, ಸ್ಟೇನ್‌ಲೆಸ್ ರಾಡ್‌ನಲ್ಲಿ ವೆಲ್ಡ್ ತುಂಬಿ ಉಜ್ಜಿದರೆ ಸರಿಹೋಗುತ್ತದೆ, ನಾಲ್ಕೂ ರೆಕ್ಕೆ ಸಮ ತೂಕ ಬರಬೇಕು ಅಷ್ಟೇ. ನನಗೆ ಭಯ ಇರುವುದು ಜನರೇಟರಿನದು. ಸುರುಳಿ ಥಂಡಿ ಕುಡಿದಿರುತ್ತದೆ. 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ ನೋಡಬೇಕು, ಒಂದೂವರೆ ಮೆಗಾಓಮ್‌ಗಿಂತ ಕಡಿಮೆ ಬಂದರೆ ಟಾರ್ಪಾಲು ಹೊದಿಸಿ ಒಳಗೆ 200 ವ್ಯಾಟಿನ ಬಲ್ಬು ಹಚ್ಚಿ ವಾರಗಟ್ಟಲೆ ಒಣಗಿಸಬೇಕು, ಬಾಣಂತಿಗೆ ಕಾಯಿಸಿದ ಹಾಗೆ. ಅದಕ್ಕೂ ಏರದಿದ್ದರೆ ಸುರುಳಿ ಹೊಸದಾಗಿ ಸುತ್ತಿಸಬೇಕು. ಆಗ ಖರ್ಚಿನ ಮಾತು ಬೇರೆ.

ಬೇರಿಂಗ್ ಮುಚ್ಚಳ ನೀನು ತೆಗೆಯಬೇಡ. ನಾಲೆ ಯಾವಾಗ ಬಂದ್?

ಬಲದಂಡೆ ಹುಡುಗ
ಇದೇ ಗುರುವಾರದಿಂದ ಹತ್ತು ದಿನ ಬಂದ್ ಅಜ್ಜ.

ಹರಿಹರ ಫಿಟ್ಟರ್
ಹಾಗಾದರೆ ಭಾನುವಾರ ಬರುತ್ತೇನೆ. ಡಯಲ್ ಗೇಜು, ಫೀಲರ್ ಗೇಜು ನನ್ನ ಹತ್ತಿರ ಇವೆ. ನೀನು ಒಂದು ಏಣಿ, ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್, ಹಳೇ ಬನಿಯನ್ ಬಟ್ಟೆ ಇಟ್ಟಿರು. ಹಾವು ಇದೆಯಾ ಮೊದಲೇ ನೋಡಿಬಿಡು, ಬಾವಲಿ ಪರವಾಗಿಲ್ಲ.

ಲೈನ್ 11ಕೆವಿ
ಮೆಗ್ಗರ್ ನಾನು ತರುತ್ತೇನೆ, ಭಾನುವಾರ ರಜೆ ಇದೆ. ಆ ತುಂಡಾದ ಸನ್ನೆ ತಂತಿ ಎಸೆಯಬೇಡಿ, ನೋಡಬೇಕು.

ಕೊನೇಭಾಗ
ನಾನೂ ಬರುತ್ತೇನೆ. ನಾಲ್ಕೈದು ಜನ ಕೊನೇ ಭಾಗದವರು ಬರುತ್ತೇವೆ. ನೋಡಲಿಕ್ಕೆ.

ಮಂಡಕ್ಕಿ ಮಿರ್ಚಿ
ದಾವಣಗೆರೆಯಿಂದ ಬೆಣ್ಣೆ ದೋಸೆ ಪಾರ್ಸೆಲ್ ತಂದರೆ ತಣ್ಣಗಾಗಿ ರಬ್ಬರ್ ಆಗುತ್ತೆ. ಮಂಡಕ್ಕಿ, ಮಿರ್ಚಿ ತರುತ್ತೇನೆ. ಎಷ್ಟು ಜನ ಹೇಳಿ?

ಬಲದಂಡೆ ಹುಡುಗ
ಹನ್ನೊಂದು. ಅಮ್ಮ ಮಜ್ಜಿಗೆ ಮಾಡುತ್ತಾರಂತೆ, ಬೆಣ್ಣೆ ತೆಗೆದದ್ದು.